ಇಂಗ್ಲಿಷ್ ವ್ಯಾಕರಣದ ಎಂಟು ಪದಜಾತಿಗಳು

ಇಂಗ್ಲಿಷ್ ಕಲಿತವರಲ್ಲಿ ಬಹುಮಂದಿಗೆ ಶಾಲೆಯಲ್ಲಿ ಓದಿದ ಇಂಗ್ಲಿಷ್ ಪದ್ಯಗಳು ಮರೆತುಹೋಗಿರಬಹುದು. ಪದಗಳ ಕಾಗುಣಿತವೂ ಅಲ್ಲಲ್ಲಿ ಕೈಕೊಡಬಹುದು. ಆದರೆ 'ಪಾರ್ಟ್ಸ್ ಆಫ್ ಸ್ಪೀಚ್ ಎಷ್ಟು?' ಎಂದು ಕೇಳಿದರೆ 'ಎಂಟು' ಎಂಬ ಉತ್ತರ ನಿದ್ದೆಗಣ್ಣಿನಲ್ಲಿಯೂ ಹೊರಡುತ್ತದೆ. ನೌನ್, ಪ್ರೋನೌನ್, ಆಡ್ಜೆಕ್ಟಿವ್, ವರ್ಬ್, ಆಡ್ವರ್ಬ್, ಪ್ರೆಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಎಂಬ ಈ ಎಂಟು ಹೆಸರುಗಳನ್ನು ಮಗ್ಗಿಯಂತೆ ಉರುಹೊಡೆಯದೆ ಇಂಗ್ಲಿಷ್ ತರಗತಿಯ ಹೊಸಿಲು ದಾಟಿದವರು ನಮ್ಮಲ್ಲಿ ವಿರಳ. ಅಷ್ಟದಿಕ್ಪಾಲಕರಂತೆ ಇವೂ ಅನಾದಿಯಿಂದ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆಯೆಂದೂ, ಇಂಗ್ಲಿಷ್ ಭಾಷೆಯ ಸ್ವಭಾವವೇ ಹಾಗೆಂದೂ ನಾವು ನಂಬಿದ್ದೇವೆ. ಎಂಟೇ ಏಕೆ, ಏಳೇಕಲ್ಲ, ಹನ್ನೊಂದೇಕಲ್ಲ ಎಂದು ಕೇಳಿದ ಹುಡುಗನಿಗೆ ತರಗತಿಯಲ್ಲಿ ಮೆಚ್ಚುಗೆ ದೊರೆತಿರುವ ಸಂಭವ ಕಡಿಮೆ. ಆದರೂ ಪ್ರಶ್ನೆ ಕೇಳತಕ್ಕದ್ದೇ. ಅದರ ಉತ್ತರವನ್ನು ಹುಡುಕುತ್ತ ಹೊರಟರೆ ಎರಡು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಇಂಗ್ಲಿಷರ ಪೂರ್ವಜರು ಬ್ರಿಟನ್ ದ್ವೀಪದಲ್ಲಿ ನೆಲೆಯೂರಿದ್ದು ಕ್ರಿ. ಶ. 5ನೆಯ ಶತಮಾನದಲ್ಲಿ. ಪದಗಳನ್ನು ಎಂಟಾಗಿ ಎಣಿಸಿದ ಕೆಲಸ ಅದಕ್ಕೆ ಐನೂರು ವರ್ಷ ಮೊದಲೇ ಮುಗಿದಿತ್ತು. ಅದನ್ನು ಮಾಡಿದವರು ಗ್ರೀಕರು. ಮಾತಿನಲ್ಲಿ ಹೆಸರು ಒಂದು, ಆ ಹೆಸರಿನ ವಿಷಯವಾಗಿ ಹೇಳುವ ಮಾತು ಮತ್ತೊಂದು ಎಂದು ಮೊದಲು ಎರಡು ಭಾಗ ಮಾಡಿದವನು ತತ್ತ್ವಜ್ಞಾನಿ ಪ್ಲೇಟೊ. ಅವನ ಶಿಷ್ಯ ಅರಿಸ್ಟಾಟಲ್ ಇವುಗಳನ್ನು ಜೋಡಿಸುವ ಸಣ್ಣ ಪದಗಳನ್ನು ಬೇರೆಯಾಗಿ ಗುರುತಿಸಿದ. ಕ್ರಿ. ಪೂ. 100ರ ಸುಮಾರಿಗೆ, ಅಲೆಕ್ಸಾಂಡ್ರಿಯದ ವಿದ್ವತ್ಪರಂಪರೆಯಲ್ಲಿ ಬೆಳೆದ ಡಯೊನೀಷಿಯಸ್ ಥ್ರಾಕ್ಸ್ ಎಂಬ ಪಂಡಿತನ ಹೆಸರಿನ ಕಿರುಪುಸ್ತಕದಲ್ಲಿ ಎಣಿಕೆ ಎಂಟಕ್ಕೆ ನಿಂತಿತು. ಆ ಪುಸ್ತಕದ ಎಲ್ಲ ಭಾಗಗಳೂ ಅವನವೇ ಹೌದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು ಅದರ ಉದ್ದೇಶ. ಮಾತಾಡಲು ಕಲಿಸುವುದಕ್ಕಾಗಿ ಬರೆದ ಪುಸ್ತಕವಲ್ಲ ಅದು. ಹೋಮರನ ಕಾವ್ಯಗಳ ಭಾಷೆ ಆ ವೇಳೆಗೆ ಹಳೆಯದಾಗಿತ್ತು. ಅವುಗಳನ್ನು ತಪ್ಪಿಲ್ಲದೆ ಓದಿ ಅರ್ಥಮಾಡಿಕೊಳ್ಳುವುದಕ್ಕೆ ಸಾಧನವಾಗಿ ವ್ಯಾಕರಣ ಹುಟ್ಟಿತು. ವೇದಮಂತ್ರಗಳ ಅರ್ಥ ಕೆಡದಿರಲೆಂದು ನಮ್ಮಲ್ಲಿ ನಿರುಕ್ತ, ವ್ಯಾಕರಣಗಳು ಹುಟ್ಟಿದ ಹಾಗೆ.

ಥ್ರಾಕ್ಸನ ಎಂಟು ನಮ್ಮ ಶಾಲೆಯ ಎಂಟಲ್ಲ. ಅವನ ಪಟ್ಟಿಯಲ್ಲಿ ಆಡ್ಜೆಕ್ಟಿವ್ ಇಲ್ಲ. ಗುಣವಾಚಕಕ್ಕೂ ನಾಮಪದದಂತೆಯೇ ವಿಭಕ್ತಿ ಹತ್ತುತ್ತದಾದ ಕಾರಣ ಅದು ನಾಮಪದದಲ್ಲಿಯೇ ಅಡಗಿತ್ತು. ಇಂಟರ್‌ಜೆಕ್ಷನ್ ಕೂಡ ಇಲ್ಲ. ಅವುಗಳ ಬದಲು ನಾವು ಕೃದಂತವೆನ್ನುವ ಪಾರ್ಟಿಸಿಪಲ್ ಒಂದು, ಆರ್ಟಿಕಲ್ ಒಂದು ಇದ್ದವು. ಈ ಆರ್ಟಿಕಲ್ಲನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಇದರಷ್ಟು ಅಲೆದಾಟ ಅನುಭವಿಸಿದ ಪದಜಾತಿ ಮತ್ತೊಂದಿಲ್ಲ.

ರೋಮನರು ಗ್ರೀಸನ್ನು ಗೆದ್ದರು; ಗ್ರೀಕರ ವಿದ್ಯೆ ರೋಮನರನ್ನು ಗೆದ್ದಿತು. ಲ್ಯಾಟಿನ್ ವ್ಯಾಕರಣ ಬರೆಯ ಹೊರಟವರಿಗೆ ಗ್ರೀಕರ ಎಂಟೇ ಮಾದರಿ. ಆದರೆ ಒಂದು ತೊಡಕು ಬಂತು: ಲ್ಯಾಟಿನ್ನಿನಲ್ಲಿ ಆರ್ಟಿಕಲ್ಲೇ ಇಲ್ಲ. ಏಳೆಂದು ಹೇಳಿ ಸುಮ್ಮನಿರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 'ಅಯ್ಯೊ', 'ಆಹಾ' ಎಂಬ ಉದ್ಗಾರಗಳನ್ನು ಗ್ರೀಕರು ಆಡ್ವರ್ಬಿನ ಜೊತೆ ಸೇರಿಸಿದ್ದರು. ಅವನ್ನು ಅಲ್ಲಿಂದ ಬಿಡಿಸಿ ಬೇರೊಂದು ಜಾತಿಯಾಗಿ ಕೂರಿಸಿದರು. ಖಾಲಿಯಾದ ಪೀಠ ತುಂಬಿತು. ಎಂಟು ಎಂಟಾಗಿಯೇ ಉಳಿಯಿತು. ಇದಕ್ಕೆ ಕಾರಣನಾದವನು ಕ್ರಿ. ಶ. 1ನೆಯ ಶತಮಾನದ ರೆಮಿಯಸ್ ಪಲೇಮನ್ ಎಂದು ಹೇಳುವುದುಂಟು. ಇದಕ್ಕೂ ಮುಂಚೆ ವಾರೊ ಎಂಬ ಮಹಾಪಂಡಿತನು ತನ್ನ ಭಾಷೆಯನ್ನೇ ದಿಟ್ಟಿಸಿ ನೋಡಿ, ವಿಭಕ್ತಿಯುಳ್ಳ ಪದ, ಕಾಲವುಳ್ಳ ಪದ, ಎರಡೂ ಉಳ್ಳದ್ದು, ಎರಡೂ ಇಲ್ಲದ್ದು ಎಂದು ನಾಲ್ಕೇ ವಿಭಾಗಗಳನ್ನು ಮಾಡಿದ್ದನು. ಸರಳವಾಗಿಯೂ ಸಮರ್ಪಕವಾಗಿಯೂ ಇದ್ದ ಆ ದಾರಿಯನ್ನು ಶಾಲೆಗಳು ಹಿಡಿಯಲಿಲ್ಲ. ಹಳೆಯ ಲೆಕ್ಕಕ್ಕೆ ಇರುವ ಬಲ ಅಂಥದು.

4ನೆಯ ಶತಮಾನದಲ್ಲಿ ರೋಮಿನ ಉಪಾಧ್ಯಾಯ ಡೊನಾಟಸ್ ಮಕ್ಕಳಿಗಾಗಿ ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಬರೆದನು. ಪದಜಾತಿಗಳೆಷ್ಟು ಎಂಬುದೇ ಅದರ ಮೊದಲನೆಯ ಪ್ರಶ್ನೆ. ಸಂತ ಜೆರೋಮ್ ಅವನ ಶಿಷ್ಯನಾಗಿದ್ದನು. ಮುಂದೆ ಸಾವಿರ ವರ್ಷ ಯೂರೋಪಿನ ಮಕ್ಕಳು ವಿದ್ಯೆಯ ಬಾಗಿಲಲ್ಲಿ ಕಂಡ ಮುಖ ಡೊನಾಟಸನದು. ಗುಟೆನ್‌ಬರ್ಗನ ಅಚ್ಚುಕೂಟ ಮೊಟ್ಟಮೊದಲು ಅಚ್ಚುಮಾಡಿದ ಪುಸ್ತಕಗಳಲ್ಲಿಯೂ ಇದು ಸೇರಿದೆ. ನಮ್ಮ ತರಗತಿಗಳಲ್ಲಿ ಕೇಳಿಬಂದ 'ಹೌ ಮೆನಿ' ಎಂಬ ಪ್ರಶ್ನೆ ಆ ರೋಮನ್ ಗುರುವಿನ ಮಾರ್ದನಿಯೇ.

ಈ ಎಣಿಕೆ ಸೃಷ್ಟಿನಿಯಮವೇನೂ ಅಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. ಯಾಸ್ಕನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕನ್ನು ಹೇಳಿದನು. ಪಾಣಿನಿಗೆ ಎರಡೇ ಸಾಕಾಯಿತು: ಸುಬಂತ, ತಿಙಂತ. ತಮಿಳಿನ ತೊಲ್ಕಾಪ್ಪಿಯಂ ತನ್ನದೇ ರೀತಿಯಲ್ಲಿ ನಾಲ್ಕು ವಿಭಾಗ ಮಾಡಿತು. ನಮ್ಮ ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ನಾಮ, ಆಖ್ಯಾತ, ಅವ್ಯಯಗಳಿಗೆ ಒಂದೊಂದು ಪ್ರಕರಣವನ್ನಿಟ್ಟನು. ಇವರೆಲ್ಲರೂ ಬುದ್ಧಿವಂತರೇ, ಆದರೂ ಲೆಕ್ಕ ಬೇರೆ ಬೇರೆ. ನೂಲಿನ ಉಂಡೆಯನ್ನು ಎಷ್ಟು ಎಳೆಯಾಗಿ ಬಿಡಿಸಬೇಕೆಂಬುದು ನೆಯ್ಯುವ ಬಟ್ಟೆಗೆ ತಕ್ಕಂತೆ ಅಲ್ಲವೇ?

ಇನ್ನು ಇಂಗ್ಲೆಂಡಿಗೆ ಬರೋಣ. ಅಲ್ಲಿ ಬಹುಕಾಲ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ. 'ಗ್ರಾಮರ್ ಸ್ಕೂಲ್' ಎಂದರೆ ಲ್ಯಾಟಿನ್ ಕಲಿಸುವ ಶಾಲೆ. ಕ್ರಿ. ಶ. 1000ದ ಸುಮಾರಿಗೆ ಏಲ್ಫ್ರಿಕ್ ಎಂಬ ಮಠವಾಸಿ ಲ್ಯಾಟಿನ್ ವ್ಯಾಕರಣವನ್ನು ಮಕ್ಕಳಿಗಾಗಿ ಅಂದಿನ ಇಂಗ್ಲಿಷಿನಲ್ಲಿ ವಿವರಿಸಿದ. 16ನೆಯ ಶತಮಾನದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ವಿಲಿಯಂ ಲಿಲಿಯ ಹೆಸರಿನ ಲ್ಯಾಟಿನ್ ವ್ಯಾಕರಣಕ್ಕೆ ಎಂಟನೆಯ ಹೆನ್ರಿಯ ರಾಜಮುದ್ರೆ ಬಿತ್ತು. ದೇಶದ ಶಾಲೆಗಳಲ್ಲಿ ಅದೊಂದನ್ನೇ ಕಲಿಸತಕ್ಕದ್ದೆಂದು ಆಜ್ಞೆಯಾಯಿತು. ಷೇಕ್ಸ್‌ಪಿಯರನು ತನ್ನ 'ಮೆರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ವಿಲಿಯಂ ಎಂಬ ಹೆಸರಿನ ಬಾಲಕನೊಬ್ಬನಿಗೇ ಪಾದ್ರಿಯಿಂದ ವಿಭಕ್ತಿಯ ಪಾಠ ಹೇಳಿಸಿ, ಪಕ್ಕದಲ್ಲಿ ನಿಂತ ಹೆಂಗಸು ಅದನ್ನು ಅಪಾರ್ಥ ಮಾಡಿಕೊಳ್ಳುವಂತೆ ಮಾಡಿ ನಗಿಸಿದ್ದಾನೆ. ಕಂಠಪಾಠದ ಕಷ್ಟ ಅನುಭವಿಸಿದವನೇ ಹೀಗೆ ನಗಿಸಬಲ್ಲ.

1586ರಲ್ಲಿ ವಿಲಿಯಂ ಬುಲೊಕರ್ ಇಂಗ್ಲಿಷ್ ಭಾಷೆಗೇ ಒಂದು ವ್ಯಾಕರಣವನ್ನು ಬರೆದನು. ನಮಗೆ ತಿಳಿದಂತೆ ಆ ಭಾಷೆಯ ಮೊದಲ ವ್ಯಾಕರಣ ಅದೇ. ತನ್ನ ತಾಯ್ನುಡಿಗೂ ನಿಯಮವುಂಟು, ಅದೂ ಲ್ಯಾಟಿನ್ನಿನಂತೆ ಶಾಸ್ತ್ರಕ್ಕೆ ಅರ್ಹ ಎಂದು ತೋರಿಸುವ ಹಂಬಲ ಅವನದು. ಅದನ್ನು ತೋರಿಸಿದ ರೀತಿಯೆಂದರೆ ಲಿಲಿಯ ಲ್ಯಾಟಿನ್ ಅಂಗಿಯನ್ನೇ ಇಂಗ್ಲಿಷಿಗೆ ತೊಡಿಸಿದ್ದು. ಅಭಿಮಾನದಿಂದ ಮಾಡಿದ ಕೆಲಸವೇ; ಆದರೆ ಅಂಗಿ ಮೈಗೆ ಹೊಂದಲಿಲ್ಲ.

ಹೊಂದದಿರಲು ಕಾರಣವಿದೆ. ಗ್ರೀಕ್, ಲ್ಯಾಟಿನ್ ಎರಡೂ ಪ್ರತ್ಯಯಗಳ ಭಾಷೆಗಳು. ಪದದ ಕೊನೆಯನ್ನು ನೋಡಿದರೆ ಸಾಕು, ಅದು ಯಾವ ಜಾತಿ, ವಾಕ್ಯದಲ್ಲಿ ಅದರ ಕೆಲಸವೇನು ಎಂಬುದು ತಿಳಿಯುತ್ತದೆ. ಹಳೆಯ ಇಂಗ್ಲಿಷೂ ಹಾಗೆಯೇ ಇತ್ತು. ಆದರೆ 11ನೆಯ ಶತಮಾನದಿಂದ 15ನೆಯ ಶತಮಾನದ ಒಳಗೆ ಆ ಪ್ರತ್ಯಯಗಳಲ್ಲಿ ಬಹುಪಾಲು ಸವೆದು ಉದುರಿಹೋದವು. ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಪದದ ಸ್ಥಾನ ವಹಿಸಿಕೊಂಡಿತು. 'ರಾಮನು ಹುಲಿಯನ್ನು ಕೊಂದನು' ಎಂದರೂ 'ಹುಲಿಯನ್ನು ರಾಮನು ಕೊಂದನು' ಎಂದರೂ ಕನ್ನಡದಲ್ಲಿ ಸತ್ತದ್ದು ಹುಲಿಯೇ. ಲ್ಯಾಟಿನ್ನಿನಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಎರಡು ಹೆಸರುಗಳ ಸ್ಥಾನವನ್ನು ಅದಲು ಬದಲು ಮಾಡಿದರೆ ಸಾಯುವವನು ರಾಮ! ಪದದ ಜಾತಿಯನ್ನೂ ಸ್ಥಾನವೇ ತೀರ್ಮಾನಿಸುತ್ತದೆ. 'ರೌಂಡ್' ಎಂಬ ಒಂದೇ ಪದ 'ರೌಂಡ್ ಟೇಬಲ್' ಎಂಬಲ್ಲಿ ಗುಣವಾಚಕ, ಪೋಲೀಸಿನವನು 'ರೌಂಡ್' ಹೊರಟಾಗ ನಾಮಪದ, 'ರೌಂಡ್ ದ ಕಾರ್ನರ್' ಎಂಬಲ್ಲಿ ಪ್ರೆಪೊಸಿಷನ್. ಕ್ರಿಯಾಪದವಾಗಿಯೂ ಕ್ರಿಯಾವಿಶೇಷಣವಾಗಿಯೂ ಅದು ಬರುವುದುಂಟು. ಒಂಟಿಯಾಗಿ ನಿಂತ 'ರೌಂಡ್' ಯಾವ ಜಾತಿಯದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ವಾಕ್ಯದಲ್ಲಿ ಕುಳಿತ ಮೇಲೆ ಅದಕ್ಕೆ ಜಾತಿ ಬರುತ್ತದೆ.

ಇದನ್ನು ಕಂಡವರು ಇಲ್ಲದೆ ಇರಲಿಲ್ಲ. ಅನಂತಸೂಚಕ ಚಿಹ್ನೆಯನ್ನು ಗಣಿತಕ್ಕೆ ತಂದ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜಾನ್ ವಾಲಿಸ್ 1653ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ, ಲ್ಯಾಟಿನ್ನಿನ ವಿಭಕ್ತಿಗಳನ್ನು ಇಂಗ್ಲಿಷಿನ ಮೇಲೆ ಹೊರಿಸುವುದು ತರವಲ್ಲವೆಂದು ಆಕ್ಷೇಪಿಸಿದನು. ಆ ಪುಸ್ತಕವನ್ನು ಅವನು ಬರೆದದ್ದೂ ಲ್ಯಾಟಿನ್ನಿನಲ್ಲಿಯೇ ಎಂಬುದು ಕಾಲಮಹಿಮೆ.

18ನೆಯ ಶತಮಾನದಲ್ಲಿ ಇಂಗ್ಲೆಂಡಿನ ವ್ಯಾಪಾರ ಬೆಳೆದು, ಮಧ್ಯಮ ವರ್ಗದವರು ಮೇಲೇರತೊಡಗಿದಾಗ 'ಸರಿಯಾದ ಇಂಗ್ಲಿಷ್' ಎಂಬುದು ಮಾನದ ಪ್ರಶ್ನೆಯಾಯಿತು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ 1762ರಲ್ಲಿ ಬರೆದ ವ್ಯಾಕರಣ, ಷೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟ್ ಮೊದಲಾದವರ ವಾಕ್ಯಗಳಲ್ಲಿಯೇ ತಪ್ಪು ಹುಡುಕಿ ತೋರಿಸಿತು. ಲೌತ್ ಗುಣವಾಚಕವನ್ನು ನಾಮಪದದಿಂದ ಬೇರ್ಪಡಿಸಿ, ಕೃದಂತವನ್ನು ಕ್ರಿಯಾಪದದೊಳಗೆ ಸೇರಿಸಿ, ರೋಮನರು ಹೊರಹಾಕಿದ್ದ ಆರ್ಟಿಕಲ್ಲನ್ನು ಮತ್ತೆ ಒಳಕರೆದನು. ಅವನ ಲೆಕ್ಕ ಒಂಬತ್ತು. ಅಮೆರಿಕದಲ್ಲಿ ವಕೀಲನಾಗಿದ್ದು, ಆಮೇಲೆ ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ನೆಲಸಿದ ಲಿಂಡ್ಲಿ ಮರೆ 1795ರಲ್ಲಿ ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ಬರೆದ ವ್ಯಾಕರಣವೂ ಒಂಬತ್ತನ್ನೇ ಹೇಳಿತು. ಆ ಪುಸ್ತಕ ಲಕ್ಷೋಪಲಕ್ಷ ಪ್ರತಿಗಳಲ್ಲಿ ಮಾರಾಟವಾಯಿತು.

ಈ ಪುಸ್ತಕಗಳನ್ನು ಬರಿಯ ಒಣಶಾಸ್ತ್ರವೆಂದು ತಳ್ಳಿಬಿಡುವಂತಿಲ್ಲ. ರೈತನ ಮಗನಾದ ವಿಲಿಯಂ ಕಾಬೆಟ್ ಸೈನ್ಯಕ್ಕೆ ಸೇರಿ, ದಿನಕ್ಕೆ ಆರು ಪೆನ್ನಿ ಸಂಬಳದ ಸಿಪಾಯಿಯಾಗಿದ್ದಾಗ ಲೌತನ ವ್ಯಾಕರಣವನ್ನು ಪೂರ್ತಿ ನಕಲು ಮಾಡಿಕೊಂಡು, ಪಹರೆ ನಿಂತಾಗ ಅದನ್ನು ಒಪ್ಪಿಸಿಕೊಳ್ಳುತ್ತಿದ್ದನು. ಅದರ ಬಲದಿಂದ ಅವನು ದೇಶದ ಪ್ರಬಲ ಪತ್ರಿಕಾಕರ್ತನಾದನು. 1818ರಲ್ಲಿ, ಸಿಪಾಯಿ, ನಾವಿಕ, ಕೆಲಸ ಕಲಿಯುವ ಹುಡುಗ, ಹೊಲ ಉಳುವ ಹುಡುಗ ಇವರಿಗಾಗಿ ಎಂದು ಹೇಳಿ, ಮಗನಿಗೆ ಬರೆದ ಕಾಗದಗಳ ರೂಪದಲ್ಲಿ ತಾನೇ ಒಂದು ವ್ಯಾಕರಣವನ್ನು ಪ್ರಕಟಿಸಿದನು. ಅದರಲ್ಲಿ ಅರಸನ ಭಾಷಣಗಳ ತಪ್ಪುಗಳನ್ನೂ ಎತ್ತಿ ತೋರಿಸಿದನು! ವ್ಯಾಕರಣವಿಲ್ಲದವನ ಅಹವಾಲಿಗೆ ಕಿವಿಗೊಡುವವರಿಲ್ಲ, ಆದುದರಿಂದ ಬಡವನ ಕೈಯಲ್ಲಿ ಅದೊಂದು ಆಯುಧ ಎಂದು ಅವನು ತಿಳಿದಿದ್ದನು. ಒಂದೇ ವಸ್ತು ಒಬ್ಬನಿಗೆ ಬೇಲಿ, ಇನ್ನೊಬ್ಬನಿಗೆ ಏಣಿ.

ನಮ್ಮ ದೇಶಕ್ಕೆ ಇಂಗ್ಲಿಷ್ ವಿದ್ಯೆ ಬಂದಾಗಲೂ ಹೀಗೆಯೇ ಆಯಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಸರಕಾರಿ ನೌಕರಿಯ ಹೆಬ್ಬಾಗಿಲಾಯಿತು. ವಾಯವ್ಯ ಪ್ರಾಂತ ಮತ್ತು ಔಧಿನಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜೆ. ಸಿ. ನೆಸ್‌ಫೀಲ್ಡ್ 1890ರ ದಶಕದಲ್ಲಿ ಬರೆದ ವ್ಯಾಕರಣಮಾಲೆ ದೇಶದ ಉದ್ದಗಲಕ್ಕೂ ಹಬ್ಬಿತು. ಪದಪದವನ್ನೂ ಎತ್ತಿ ಅದರ ಜಾತಿ, ಲಿಂಗ, ವಚನ, ವಿಭಕ್ತಿ ಹೇಳುವ 'ಪಾರ್ಸಿಂಗ್', ವಾಕ್ಯವನ್ನು ಸಬ್ಜೆಕ್ಟ್, ಪ್ರೆಡಿಕೇಟ್ ಎಂದು ಸೀಳುವ 'ಅನಾಲಿಸಿಸ್' ಇವೆರಡೂ ಪರೀಕ್ಷೆಯ ಎರಡು ಕಣ್ಣುಗಳಾದವು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ನರ ಪುಸ್ತಕ ಇಂದಿಗೂ ಅಂಗಡಿಗಳಲ್ಲಿದೆ. ಅದರ ಕರ್ತೃಗಳಲ್ಲಿ ಒಬ್ಬನಾದ ಪಿ. ಸಿ. ರೆನ್ ಬೊಂಬಾಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 'ಬೊ ಜೆಸ್ಟ್' ಎಂಬ ಪ್ರಸಿದ್ಧ ಸಾಹಸ ಕಾದಂಬರಿಯನ್ನು ಬರೆದವನೂ ಇವನೇ. ಕಾದಂಬರಿಯನ್ನು ಓದಿದವರಿಗಿಂತ ವ್ಯಾಕರಣವನ್ನು ಓದಿದವರು ಎಷ್ಟೋ ಪಾಲು ಹೆಚ್ಚು. ಈ ಪುಸ್ತಕಗಳಲ್ಲಿ ಆರ್ಟಿಕಲ್ ಮತ್ತೆ ಸ್ವಂತ ಮನೆ ಕಳೆದುಕೊಂಡು ಗುಣವಾಚಕದ ಮನೆಯಲ್ಲಿ ಬಿಡಾರ ಹೂಡಿತು. ಒಂಬತ್ತು ಹೋಗಿ ಮತ್ತೆ ಎಂಟಾಯಿತು.

ಇಲ್ಲಿಯೇ ಕನ್ನಡದ ಹುಡುಗನ ಕಷ್ಟ ಕಾಣುವುದು. 'ಅವನು ಹುಡುಗ' ಎಂಬುದು ನಮಗೆ ಎರಡು ಪದದ ಪೂರ್ಣ ವಾಕ್ಯ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕು ಪದ ಬೇಕು: 'ಹಿ ಈಸ್ ಎ ಬಾಯ್'. ನಡುವಣ 'ಈಸ್' ಮತ್ತು 'ಎ' ಎಂಬ ಎರಡಕ್ಕೂ ಕನ್ನಡದಲ್ಲಿ ಸಮನಾದ ಪದವಿಲ್ಲ. ಹುಡುಗ ಅವನ್ನು ಬಿಡುವುದು ಸೋಮಾರಿತನದಿಂದಲ್ಲ, ತನ್ನ ಭಾಷೆಯ ನ್ಯಾಯದಿಂದ. 'ಮನೆಯಲ್ಲಿ' ಎಂಬ ನಮ್ಮ ಒಂದು ಪದ ಅಲ್ಲಿ ಮೂರಾಗಿ ಒಡೆದು, ಹಿಂದಿದ್ದ 'ಅಲ್ಲಿ' ಮುಂದಕ್ಕೆ ಜಿಗಿಯುತ್ತದೆ. 'ನನಗೆ ಹಸಿವಾಗಿದೆ' ಎಂಬಲ್ಲಿ ಹಸಿವು ನಮ್ಮ ಬಳಿಗೆ ಬರುತ್ತದೆ. ಇಂಗ್ಲಿಷಿನಲ್ಲಿ 'ನಾನೇ' ಮುಂದೆ ನಿಂತು ಹಸಿದವನಾಗಬೇಕು. 'ನಿನ್ನೆ ಬಂದ ಹುಡುಗ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಅಲ್ಲಿ 'ಹೂ' ಎಂಬ ಕೊಂಡಿ ಹಾಕಿ ಒಂದು ಉಪವಾಕ್ಯವನ್ನೇ ಕಟ್ಟಬೇಕು. ಅವನಿಗೆ ಬೇಕಾಗಿದ್ದುದು ಈ ಸ್ಥಾನದ ಗುಟ್ಟು. ದೊರೆತದ್ದು ಹೆಸರುಗಳ ಪಟ್ಟಿ. ಪ್ರತ್ಯಯಗಳ ಭಾಷೆಗಳಿಗಾಗಿ ಹೊಲಿದ ಅಂಗಿ ಪ್ರತ್ಯಯ ಕಳೆದುಕೊಂಡ ಭಾಷೆಯ ಮೂಲಕ, ಏಳು ವಿಭಕ್ತಿಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿರುವ ಭಾಷೆಯ ಮಗುವಿಗೆ ಬಂದಿತು! ವಿನ್‌ಸ್ಟನ್ ಚರ್ಚಿಲರು ಬಾಲ್ಯದಲ್ಲಿ ಲ್ಯಾಟಿನ್ ಕಲಿಯುವಾಗ 'ಎಲೈ ಮೇಜೇ' ಎಂಬ ಸಂಬೋಧನೆ ಏತಕ್ಕೆಂದು ಕೇಳಿ, ಮೇಜಿನೊಡನೆ ಮಾತಾಡುವಾಗ ಎಂಬ ಉತ್ತರ ಪಡೆದು, ನಾನೆಂದೂ ಮೇಜಿನೊಡನೆ ಮಾತಾಡುವುದಿಲ್ಲವಲ್ಲ ಎಂದರಂತೆ. 'ಎಲೈ ಮರುಳೇ' ಎಂಬುದು ಸಹಜವಾಗಿರುವ ಕನ್ನಡದ ಹುಡುಗನಿಗೆ ಆ ಲ್ಯಾಟಿನ್ ಪಾಠ ಇನ್ನೂ ಸುಲಭವಾಗುತ್ತಿತ್ತೇನೋ.

ಕನ್ನಡದಲ್ಲಿ ಹೆಸರಿಟ್ಟದ್ದರಿಂದಲೂ ಕೆಲವು ತೊಡಕು ಹೆಚ್ಚಿತು. ಪ್ರೆಪೊಸಿಷನ್ನಿಗೆ 'ಉಪಸರ್ಗ' ಎಂಬ ಹೆಸರನ್ನು ಕೆಲವರು ಕೊಟ್ಟರು. ನಮ್ಮ ಉಪಸರ್ಗಗಳೋ ಧಾತುವಿಗೆ ಅಂಟಿಕೊಂಡು ಅರ್ಥವನ್ನೇ ತಿರುಗಿಸುವಂಥವು. ಆಹಾರ, ವಿಹಾರ, ಪ್ರಹಾರ, ಸಂಹಾರ ಎಂಬಲ್ಲಿ ಅವುಗಳ ಕೈಚಳಕವನ್ನು ನೋಡಬಹುದು. ನಾಮಪದದ ಮುಂದೆ ಬೇರೆಯಾಗಿ ನಿಲ್ಲುವ 'ಇನ್', 'ಆನ್'ಗಳಿಗೂ ಇವುಗಳಿಗೂ ಕೆಲಸದಲ್ಲಿ ಹೋಲಿಕೆಯಿಲ್ಲ. ಹೋಲಿಕೆ ಇರುವುದು ವಿಭಕ್ತಿ ಪ್ರತ್ಯಯಕ್ಕೆ. ನಾಮಕ್ಕೆ ಮಾತ್ರ ಯಾವ ತೊಡಕೂ ಇಲ್ಲ: ನೌನ್ ಎಂಬುದರ ಮೂಲವಾದ ಲ್ಯಾಟಿನ್ನಿನ 'ನೋಮೆನ್', ಸಂಸ್ಕೃತದ 'ನಾಮನ್' ಒಂದೇ ಬೇರಿನ ಎರಡು ಚಿಗುರುಗಳು.

ಅನ್ಯರ ಚೌಕಟ್ಟಿನಲ್ಲಿ ತಮ್ಮ ಚಿತ್ರವನ್ನು ಕೂರಿಸಿದವರು ಇಂಗ್ಲಿಷರು ಮಾತ್ರವಲ್ಲ. ಪಂಚಮಿಗೆ ಕನ್ನಡದಲ್ಲಿ ಬೇರೆ ಪ್ರತ್ಯಯವಿಲ್ಲದಿದ್ದರೂ ಸಂಸ್ಕೃತದ ಏಳು ತುಂಬಲಿ ಎಂದು 'ದೆಸೆಯಿಂದ' ಎಂಬುದನ್ನು ಕರೆತಂದು ಕೂರಿಸಿದವರು ನಾವು. ರೋಮನರು ಉದ್ಗಾರವನ್ನು ಕೂರಿಸಿದಂತೆಯೇ ಇದು. ವಿಲಿಯಂ ಕೇರಿ 1817ರಲ್ಲಿ ಸೀರಾಂಪುರದಿಂದ, ಮೆಕೆರೆಲ್ 1820ರಲ್ಲಿ ಮದರಾಸಿನಿಂದ ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1903ರಲ್ಲಿ ಕಿಟ್ಟೆಲ್ ಅವರ ದೊಡ್ಡ ವ್ಯಾಕರಣ ಬಂದಿತು. ಕನ್ನಡವನ್ನು ಹೊರಗಿನಿಂದ ಕಲಿತ ಇವರಿಗೆ, ಒಂದು ಭಾಷೆಯ ವಾಕ್ಯವನ್ನು ಇನ್ನೊಂದರ ಕಣ್ಣಿನಿಂದ ನೋಡುವ ಅಗತ್ಯ ದಿನದಿನವೂ ಇತ್ತು. ನಮ್ಮ ಶಾಲೆಗಳಲ್ಲಿ ಬೇಕಾಗಿದ್ದುದು ಆ ಕಣ್ಣೇ.

1952ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀಸ್ ಜನರು ಟೆಲಿಫೋನಿನಲ್ಲಿ ಆಡಿದ ಮಾತುಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿ, ಎಂಟನ್ನು ಬದಿಗಿರಿಸಿದರು. ಒಂದು ಪದ ವಾಕ್ಯದ ಯಾವ ಯಾವ ಸ್ಥಾನದಲ್ಲಿ ನಿಲ್ಲಬಲ್ಲದು ಎಂಬುದನ್ನೇ ಆಧಾರವಾಗಿಟ್ಟು, ನಾಲ್ಕು ದೊಡ್ಡ ವರ್ಗಗಳನ್ನೂ, ಸಣ್ಣ ಪದಗಳ ಹದಿನೈದು ಗುಂಪುಗಳನ್ನೂ ಮಾಡಿದರು. ಸಣ್ಣ ಪದಗಳ ಮಹಿಮೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. 'ವಾಟರ್ ಪ್ಲಾಂಟ್ಸ್' ಎಂದಿಷ್ಟೇ ಬರೆದರೆ ಅದು ನೀರಿನಲ್ಲಿ ಬೆಳೆಯುವ ಗಿಡವೋ, ಗಿಡಗಳಿಗೆ ನೀರು ಹಾಕೆಂಬ ಅಪ್ಪಣೆಯೋ ತಿಳಿಯದು. 'ದ' ಎಂಬುದನ್ನು ಮೊದಲಲ್ಲಿಟ್ಟರೆ ಗಿಡ, ನಡುವೆಯಿಟ್ಟರೆ ಅಪ್ಪಣೆ. ರೋಮನರಿಗೆ ಬೇಡವಾಗಿದ್ದ ಆರ್ಟಿಕಲ್ ಇಂಗ್ಲಿಷ್ ವಾಕ್ಯದಲ್ಲಿ ಇಷ್ಟು ಭಾರ ಹೊರುತ್ತದೆ! ಇಂಗ್ಲೆಂಡಿನ ಇಂದಿನ ಶಾಲಾಪಾಠಗಳಲ್ಲಿ ಅದು 'ಡಿಟರ್ಮಿನರ್' ಎಂಬ ಹೊಸ ಮನೆತನದ ಸದಸ್ಯನಾಗಿ ಮತ್ತೆ ಬಂದಿದೆ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ಇಂಗ್ಲಿಷ್ ಉಪಾಧ್ಯಾಯರ ತರಬೇತಿಗೆಂದು 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆ ಸಂಸ್ಥೆಯ ಸಹಯೋಗದಿಂದ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪದಜಾತಿಯ ಪಟ್ಟಿಯಿಲ್ಲ, ನಿಯಮದ ಕಂಠಪಾಠವಿಲ್ಲ. ಮಕ್ಕಳ ಮುಂದೆ ಒಂದು ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಇಟ್ಟು, ಇಂಗ್ಲಿಷಿನಲ್ಲಿಯೇ ಲೆಕ್ಕಹಾಕಿ ಉತ್ತರ ಹೇಳಿಸುವುದು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆಂಬುದು ಪ್ರಭು ಅವರ ನಿಲುವು. ಲೋಕದ ಭಾಷಾಬೋಧಕರು ಇದನ್ನು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ಫಲಿತಾಂಶದ ಬಗ್ಗೆ ಚರ್ಚೆ ನಡೆದರೂ, ಕೇಳಿದ ಪ್ರಶ್ನೆ ಸರಿಯಾದುದೆಂದು ಬಹುಮಂದಿ ಒಪ್ಪಿದರು.

ಹಾಗಾದರೆ ಎಂಟನ್ನು ಕಟ್ಟಿ ಅಟ್ಟಕ್ಕೆಸೆಯೋಣವೇ? ಹಾಗೆ ಮಾಡಬೇಕಾದುದಿಲ್ಲ. ನಿಘಂಟನ್ನು ತೆರೆದರೆ ಪ್ರತಿಯೊಂದು ಪದದ ಪಕ್ಕದಲ್ಲಿಯೂ ಅದರ ಗುರುತು ಇದೆ. ತಪ್ಪಿದ ವಾಕ್ಯವನ್ನು ತಿದ್ದುವಾಗ ಎಲ್ಲಿ ತಪ್ಪಿತೆಂದು ಹೇಳುವುದಕ್ಕೆ ಒಂದು ಹೆಸರು ಬೇಕು. ಪಹರೆ ನಿಂತು ಪಾಠ ಒಪ್ಪಿಸಿಕೊಂಡ ಕಾಬೆಟನಿಗೆ ಈ ಹೆಸರುಗಳು ದಾರಿ ತೋರಿಸಿದವು. ಆದರೆ ಅವನು ಹೆಸರಿಗೆ ನಿಲ್ಲದೆ ವಾಕ್ಯಕ್ಕೆ ಹೋದನು. ಹೆಸರನ್ನೇ ವಿದ್ಯೆಯೆಂದು ತಿಳಿದು, ನೌನಿನ ಲಕ್ಷಣವನ್ನು ತಡವರಿಸದೆ ಒಪ್ಪಿಸಿ, ಒಂದು ಕಾಗದ ಬರೆಯಲಾರದೆ ಉಳಿದವರು ನಮ್ಮಲ್ಲಿ ಎಷ್ಟು ಮಂದಿ! ಲಕ್ಷಣ ಬಾರದ್ದಕ್ಕೆ ದಡ್ಡರೆನಿಸಿಕೊಂಡು ಶಾಲೆ ಬಿಟ್ಟವರೆಷ್ಟು! ಅವರು ಸೋತದ್ದು ಇಂಗ್ಲಿಷಿಗಲ್ಲ. ಹೋಮರನನ್ನು ಓದುವುದಕ್ಕೆಂದು ಮಾಡಿದ ಒಂದು ಪಟ್ಟಿಗೆ.

ವಾಕ್ಯ ಮೊದಲು, ಹೆಸರು ಆಮೇಲೆ. ಅದೂ ಮಗುವಿನ ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು. 'ಅವನು ಹುಡುಗ' ಎಂಬುದರಲ್ಲಿ ಕೊರತೆಯೇನೂ ಇಲ್ಲ, ಇಂಗ್ಲಿಷಿನ ಮನೆಯ ರೀತಿ ಬೇರೆ, ಅಷ್ಟೆ ಎಂದು ಹೇಳಿ ಪಾಠ ತೊಡಗಿದರೆ ಮಗು ಎರಡು ಭಾಷೆಗಳನ್ನೂ ಗೌರವದಿಂದ ಕಾಣುತ್ತದೆ. ಆಮೇಲೆ ಪದಜಾತಿಗಳು ಎಷ್ಟೆಂದು ಯಾರಾದರೂ ಕೇಳಿದರೆ, ಯಾವ ಭಾಷೆಯಲ್ಲಿ, ಯಾರ ಲೆಕ್ಕದಲ್ಲಿ ಎಂದು ಅದು ಮರುಪ್ರಶ್ನೆ ಹಾಕಬಹುದು. ಆ ಮರುಪ್ರಶ್ನೆಯೇ ವ್ಯಾಕರಣದ ಆರಂಭ.